ಆರೋಗ್ಯ ಸೇವೆಯಲ್ಲಿ ಲಿಂಗ ತಾರತಮ್ಯ: ಜನಜಾಗೃತಿ ಅಭಿಯಾನ ಕಟ್ಟುವ ಬಗೆ, ಹಂತ ಹಂತವಾಗಿ

ಬ್ಯಾನರ್ ಕಟ್ಟಿ, ಅತಿಥಿಗಳನ್ನು ಕರೆಸಿ, ಎಲ್ಲರಿಂದ ಪ್ರತಿಜ್ಞೆ ಮಾಡಿಸಿ ಫೋಟೊ ತೆಗೆಸಿಕೊಂಡರೆ ಜಾಗೃತಿ ಕಾರ್ಯಕ್ರಮ ಮುಗಿಯಿತು ಎಂಬ ರೂಢಿಯಿದೆ. ಮರುದಿನ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲು ಹಿಂದಿನ ದಿನ ಹೇಗಿತ್ತೋ ಹಾಗೇ ಇರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಹೋಗಬೇಕೆಂಬುದು ಸಭೆಯಲ್ಲಿ ಕೂತ ಹೆಂಗಸಿಗೆ ಮೊದಲೇ ಗೊತ್ತಿತ್ತು. ಆದರೆ ಕೈಯಲ್ಲಿ ದುಡ್ಡಿರಲಿಲ್ಲ, ಜೊತೆಗೆ ಬರುವವರಿರಲಿಲ್ಲ, ಮಗುವನ್ನು ನೋಡಿಕೊಳ್ಳುವವರಿರಲಿಲ್ಲ. ಹೋದ ಸಲ ಮಾತನ್ನು ಪೂರ್ತಿ ಕೇಳದೆ ‘ಟೆನ್ಷನ್ ಮಾಡ್ಕೋಬೇಡಿ’ ಎಂದು ವಾಪಸ್ ಕಳಿಸಿದ್ದರು. ಬೀಗದ ಕೈ ಇರುವುದು ಬೇರೆಯವರ ಹತ್ತಿರ, ನಾವು ಭಾಷಣ ಮಾಡುವುದು ಬಾಗಿಲ ಮುಂದೆ ಕಾಯುತ್ತಿರುವವಳಿಗೆ. ತಡವಾಗುತ್ತಿರುವುದು ಎಲ್ಲಿ ಎಂದು ಪತ್ತೆ ಮಾಡಿ, ಆ ತಡೆಯ ಕೀಲಿ ಯಾರ ಕೈಯಲ್ಲಿದೆಯೋ ಅವರಿಗೆ ಮಾತು ಮುಟ್ಟಿಸುವುದೇ ಅಭಿಯಾನ. ಐದರಿಂದ ಎಂಟು ಜನರ ತಂಡ ಮೂರು ತಿಂಗಳಲ್ಲಿ ಮಾಡಬಹುದಾದ ಕೆಲಸವಿದು. ಅದರಲ್ಲಿ ಮೊದಲ ಐದು ವಾರ ಒಂದೇ ಒಂದು ಪೋಸ್ಟರ್ ಕೂಡ ಹೊರಬರುವುದಿಲ್ಲ. ತಂಡದವರಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ಎರಡನೇ ವಾರಕ್ಕೇ ಚಡಪಡಿಕೆ ಶುರುವಾಗುತ್ತದೆ.

ಹಂತ 1: ತೊಡಕನ್ನು ಬಿಡಿಸಿ ನೋಡಿ

‘ತಾರತಮ್ಯ’ ಎಂಬ ಒಂದೇ ಪದದ ಕೆಳಗೆ ಹತ್ತಾರು ಬೇರೆಬೇರೆ ತೊಡಕುಗಳು ಗುಡ್ಡೆ ಬಿದ್ದಿರುತ್ತವೆ. ಅವನ್ನು ಬಿಡಿಸಲು ಒಳ್ಳೆಯ ಸಲಕರಣೆಯೊಂದಿದೆ. ತಾಯಂದಿರ ಸಾವುಗಳ ಬಗ್ಗೆ ಕೆಲಸ ಮಾಡಿದ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ‘ಮೂರು ವಿಳಂಬ’ಗಳ ಲೆಕ್ಕ ಕೊಟ್ಟರು. ಆಸ್ಪತ್ರೆಗೆ ಹೋಗೋಣವೆಂದು ತೀರ್ಮಾನಿಸುವಲ್ಲಿ ಆಗುವ ತಡ ಒಂದು. ಹೊರಟ ಮೇಲೆ ತಲುಪುವಲ್ಲಿ ಆಗುವುದು ಎರಡನೆಯದು. ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ಆಗುವುದು ಮೂರನೆಯದು. ಹೆರಿಗೆಗಷ್ಟೇ ಅಲ್ಲ, ಎದೆನೋವಿಗೂ ಖಿನ್ನತೆಗೂ ಕ್ಯಾನ್ಸರಿಗೂ ಈ ಲೆಕ್ಕ ಹೊಂದುತ್ತದೆ.

ಇವುಗಳ ಹಿಂದೆ ಇನ್ನೊಂದು ತಡ ಅಡಗಿದೆ: ವೈದ್ಯಶಾಸ್ತ್ರವೇ ಹೆಣ್ಣಿನ ದೇಹವನ್ನು ತಡವಾಗಿ ಓದಿದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1977ರಲ್ಲಿ, ಗರ್ಭ ಧರಿಸಬಲ್ಲ ವಯಸ್ಸಿನ ಮಹಿಳೆಯರನ್ನು ಔಷಧ ಪ್ರಯೋಗದ ಮೊದಲ ಹಂತಗಳಿಂದ ದೂರವಿಡಲು ಸೂಚಿಸಿತು. ಆ ಸೂಚನೆ ಬದಲಾದದ್ದು 1993ರಲ್ಲಿ. ನಿದ್ದೆ ಮಾತ್ರೆ ಜೋಲ್ಪಿಡೆಮ್ 1992ರಲ್ಲೇ ಮಾರುಕಟ್ಟೆಗೆ ಅನುಮತಿ ಪಡೆದಿತ್ತು. ಹೆಂಗಸರ ದೇಹದಿಂದ ಅದು ನಿಧಾನವಾಗಿ ಹೊರಹೋಗುತ್ತದೆ, ಬೆಳಗ್ಗೆ ವಾಹನ ಓಡಿಸುವಾಗಲೂ ಮಂಪರು ಉಳಿದಿರಬಹುದು ಎಂಬ ಕಾರಣಕ್ಕೆ ಅವರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿ ಎಂದು ಸಂಸ್ಥೆ ಹೇಳಿದ್ದು 2013ರಲ್ಲಿ. ಇಪ್ಪತ್ತು ವರ್ಷ ಎರಡು ಪಟ್ಟು ಡೋಸ್! ಕಾಲೇಜು ವಿದ್ಯಾರ್ಥಿಗಳ ಮುಂದೆ, ವೈದ್ಯರ ಮುಂದೆ ಮಾತು ಆರಂಭಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಯಾರೂ ಕೆಟ್ಟವರಲ್ಲ, ಆದರೂ ಅನ್ಯಾಯವಾಗಿದೆ.

ಈ ಹಂತದಲ್ಲೇ ಎರಡು ತಪ್ಪು ತಿಳಿವಳಿಕೆ ತೆಗೆದುಹಾಕಿ. ಮೊದಲನೆಯದು, ವ್ಯತ್ಯಾಸವೆಲ್ಲ ತಾರತಮ್ಯವೇ ಎನ್ನುವುದು. ಗರ್ಭಕಂಠದ ಕ್ಯಾನ್ಸರ್ ಗಂಡಸಿಗೆ ಬರದು, ಪ್ರಾಸ್ಟೇಟ್ ಕಾಯಿಲೆ ಹೆಂಗಸಿಗೆ ಬರದು. ಅದು ದೇಹದ ರಚನೆ. ಬರುವ ಕಾಯಿಲೆಗೆ ತಕ್ಕ ಚಿಕಿತ್ಸೆ ಒಬ್ಬರಿಗೆ ಸಿಕ್ಕು ಇನ್ನೊಬ್ಬರಿಗೆ ಸಿಗದಿದ್ದರೆ ಅದು ತಾರತಮ್ಯ. ಎರಡನೆಯದು, ಇದು ಹೆಂಗಸರ ಸಮಸ್ಯೆ ಮಾತ್ರ ಎನ್ನುವುದು. ಜಗತ್ತಿನ ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಯಸ್ಕ ಗಂಡಸರು. ‘ಗಂಡಸಾಗಿ ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋಗೋದಾ’ ಎಂಬ ಮಾತು ಅವರನ್ನೂ ತಡಮಾಡಿಸುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗಂತೂ ಚೀಟಿ ಬರೆಸುವ ಕೌಂಟರಿನಲ್ಲಿ ‘ಗಂಡಸೋ ಹೆಂಗಸೋ’ ಎಂಬ ಪ್ರಶ್ನೆಯಲ್ಲೇ ಅರ್ಧ ಧೈರ್ಯ ಹೋಗಿರುತ್ತದೆ. ಇಷ್ಟನ್ನು ಒಪ್ಪಿಕೊಂಡು ಮಾತಾಡಿದರೆ ‘ಗಂಡಸರ ಕಷ್ಟ ಯಾರು ಕೇಳ್ತಾರೆ’ ಎಂಬ ಅಡ್ಡಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಂತೆ.

ಹಂತ 2: ನಿಮ್ಮಲ್ಲಿನ ಸಾಕ್ಷ್ಯ ಕೂಡಿಸಿ

ಹೆಚ್ಚಿನ ತಂಡಗಳು ಈ ಹಂತ ಹಾರಿ ಮುಂದೆ ಹೋಗುತ್ತವೆ. ಹಾಗೆ ಹೋದವರು ಮೊದಲ ಸಭೆಯಲ್ಲೇ ‘ನಮ್ಮಲ್ಲಿ ಹಾಗೇನೂ ಇಲ್ಲ’ ಎಂಬ ಮಾತಿಗೆ ಸಿಕ್ಕಿಕೊಳ್ಳುತ್ತಾರೆ. 2023ರಲ್ಲಿ ಗರ್ಭ ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಜಗತ್ತಿನಲ್ಲಿ ಸುಮಾರು 2,60,000 ಮಹಿಳೆಯರು, ಅಂದರೆ ದಿನಕ್ಕೆ 700ಕ್ಕೂ ಹೆಚ್ಚು ಮಂದಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೊಡ್ಡ ಸಂಖ್ಯೆ ಕೇಳಿದವರು ‘ಅಯ್ಯೋ ಪಾಪ’ ಎಂದು ಸುಮ್ಮನಾಗುತ್ತಾರೆ. ತಮ್ಮದೇ ಆಸ್ಪತ್ರೆಯ ರಿಜಿಸ್ಟರಿನ ಸಂಖ್ಯೆ ತೋರಿಸಿದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಮೊದಲ ಸಾಕ್ಷ್ಯ, ರಿಜಿಸ್ಟರ್ ಎಣಿಕೆ. ಆಸ್ಪತ್ರೆಯ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಹೆಸರು, ವಿಳಾಸ, ಫೋನ್ ನಂಬರ್ ಬರೆದುಕೊಳ್ಳಬೇಡಿ. ವಯಸ್ಸು, ಲಿಂಗ, ಬಂದ ಕಾರಣ, ಬೇರೆ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೋ ಇಲ್ಲವೋ, ಈ ನಾಲ್ಕು ಕಾಲಂ ಸಾಕು. ಒಂದೇ ತಿಂಗಳಿನ ನಾಲ್ಕು ವಾರ ತೆಗೆದುಕೊಳ್ಳುವ ಬದಲು ವರ್ಷದ ನಾಲ್ಕು ಬೇರೆ ತಿಂಗಳುಗಳಿಂದ ಒಂದೊಂದು ವಾರ ಆರಿಸಿ. ಮಳೆಗಾಲದ ಜ್ವರ, ಸುಗ್ಗಿ ಕಾಲದ ಗೈರುಹಾಜರಿ ಎರಡೂ ಲೆಕ್ಕಕ್ಕೆ ಬರುತ್ತವೆ.

ಎಣಿಸಲು ಶುರುಮಾಡಬೇಕಾದದ್ದು ಐದು ವರ್ಷದೊಳಗಿನ ಮಕ್ಕಳಿಂದ. ಆ ವಯಸ್ಸಿನಲ್ಲಿ ಬಸಿರು, ಬಾಣಂತನ, ಉದ್ಯೋಗ ಯಾವುದೂ ಅಡ್ಡ ಬರುವುದಿಲ್ಲ, ಕರೆತರುವ ತೀರ್ಮಾನ ಪೂರ್ತಿ ದೊಡ್ಡವರದು. ಸಹಜವಾಗಿ ಪ್ರತಿ 100 ಹೆಣ್ಣು ಶಿಶುಗಳಿಗೆ ಸುಮಾರು 105 ಗಂಡು ಶಿಶುಗಳು ಹುಟ್ಟುತ್ತವೆ. ಉದಾಹರಣೆಗೆ, ನಿಮ್ಮ ಎಣಿಕೆಯಲ್ಲಿ 180 ಗಂಡು, 120 ಹೆಣ್ಣು ಮಕ್ಕಳು ಬಂದಿದ್ದಾರೆನ್ನಿ. 180 ಗಂಡು ಮಕ್ಕಳು ಬಂದ ಕಡೆ ಸುಮಾರು 171 ಹೆಣ್ಣು ಮಕ್ಕಳು ಬರಬೇಕಿತ್ತು. ಅಂದರೆ 51 ಹುಡುಗಿಯರು ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಈ 51 ಎಂಬ ಅಂಕಿ ನಿಮ್ಮ ಅಭಿಯಾನದ ಅತ್ಯಂತ ಬೆಲೆಬಾಳುವ ಆಸ್ತಿ.

ಆದರೆ ಎಚ್ಚರ. ಎಳೆಗೂಸಿನ ಪ್ರಾಯದಲ್ಲಿ ಗಂಡು ಮಕ್ಕಳೇ ಸ್ವಲ್ಪ ಹೆಚ್ಚು ಕಾಯಿಲೆ ಬೀಳುತ್ತವೆ. ಆದ್ದರಿಂದ ಚಿಕ್ಕ ವ್ಯತ್ಯಾಸ ಕಂಡಾಕ್ಷಣ ಡಂಗುರ ಹೊಡೆಯಬೇಡಿ. ಒಟ್ಟು 50 ಮಕ್ಕಳಲ್ಲಿ 28 ಗಂಡು 22 ಹೆಣ್ಣು ಎಂದು ಬಂದರೆ ಅದು ಬರೀ ಆಕಸ್ಮಿಕವಿರಬಹುದು. ಕನಿಷ್ಠ 300 ಮಕ್ಕಳಾದರೂ ಆಗುವ ತನಕ ವಾರಗಳನ್ನು ಹೆಚ್ಚಿಸಿ. ನಿಮ್ಮ ಪ್ರದೇಶದ ಮಕ್ಕಳ ಲಿಂಗಾನುಪಾತ ಜನಗಣತಿಯಲ್ಲಿ ಸಿಕ್ಕರೆ 105ರ ಬದಲು ಅದನ್ನೇ ಬಳಸಿ. ದೊಡ್ಡವರ ಲೆಕ್ಕ ಮಾಡುವಾಗ ಬಸಿರು, ಹೆರಿಗೆ, ಕುಟುಂಬ ಯೋಜನೆಗೆ ಬಂದವರನ್ನು ಬದಿಗಿಡಿ. ಇಲ್ಲದಿದ್ದರೆ ‘ನೋಡಿ, ಹೆಂಗಸರೇ ಹೆಚ್ಚು ಬರ್ತಾರೆ’ ಎಂದು ನಿಮ್ಮ ಅಂಕಿಯೇ ನಿಮ್ಮ ಮೇಲೆ ತಿರುಗಿಬೀಳುತ್ತದೆ. ಹೆಂಗಸರು ಬರುವುದು ಬಸಿರಿಗೆ, ಗಂಡಸರು ಬರುವುದು ಎಲ್ಲದಕ್ಕೂ ಎಂಬುದು ಹಲವು ಕಡೆ ಕಾಣುವ ಚಿತ್ರ.

ಎರಡನೆಯದು, ಗಡಿಯಾರ ಹಿಡಿದು ನಡೆಯುವುದು. ಆಸ್ಪತ್ರೆಗೆ ಹೊರಟ ಒಬ್ಬ ಹೆಂಗಸಿನ ಜೊತೆ, ಆಕೆ ಒಪ್ಪಿದರೆ, ಮನೆಯಿಂದ ಮನೆಗೆ ಹೋಗಿಬನ್ನಿ. ಒಂದು ಹಾಳೆಯಲ್ಲಿ ಗಂಟೆ ಬರೆಯುತ್ತಾ ಹೋಗಿ: ಮನೆಗೆಲಸ ಮುಗಿಸಿ ಬಾಗಿಲು ದಾಟಿದ್ದು, ವಾಹನಕ್ಕೆ ಕಾದದ್ದು, ಚೀಟಿಯ ಸಾಲು, ಡಾಕ್ಟರ ಕೋಣೆಯ ಹೊರಗೆ ಕೂತದ್ದು, ಒಳಗೆ ಹೋಗಿ ಬಂದದ್ದು, ರಕ್ತ ಕೊಟ್ಟದ್ದು, ಮಾತ್ರೆ ಕೌಂಟರ್, ಶೌಚಾಲಯ ಹುಡುಕಿದ್ದು, ಮತ್ತೆ ಮನೆ. ಇಂಥ ಹತ್ತು ಹಾಳೆ ಸಾಕು. ಒಟ್ಟು ಆರು ಗಂಟೆಯಲ್ಲಿ ಡಾಕ್ಟರ ಎದುರು ಕೂತದ್ದು ನಾಲ್ಕು ನಿಮಿಷ ಎಂದು ಬಂದರೆ, ‘ಹೆಂಗಸರಿಗೆ ತಮ್ಮ ಆರೋಗ್ಯದ ಬಗ್ಗೆ ಅಸಡ್ಡೆ’ ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ದಿನಗೂಲಿಗೆ ಹೋಗುವವಳಾದರೆ ಕಳೆದುಕೊಂಡ ಕೂಲಿಯನ್ನೂ ಹಾಳೆಯ ಕೆಳಗೆ ಬರೆಯಿರಿ. ಉಚಿತ ಚಿಕಿತ್ಸೆ ಎಷ್ಟು ‘ಉಚಿತ’ ಎಂಬುದು ಆ ಸಾಲಿನಲ್ಲಿ ಗೊತ್ತಾಗುತ್ತದೆ.

ಮೂರನೆಯದು ಮಾತುಕತೆ. ಆರರಿಂದ ಎಂಟು ಜನರ ಗುಂಪು, ಒಂದರಿಂದ ಒಂದೂವರೆ ಗಂಟೆ. ಹದಿಹರೆಯದವರು, ಮದುವೆಯಾದವರು, ವಯಸ್ಸಾದವರು, ಗಂಡಸರು, ಆರೋಗ್ಯ ಸಿಬ್ಬಂದಿ, ಎಲ್ಲರನ್ನೂ ಬೇರೆಬೇರೆ ಕೂರಿಸಿ. ಅತ್ತೆ ಸೊಸೆಯನ್ನು ಒಂದೇ ಗುಂಪಿನಲ್ಲಿ ಕೂರಿಸಿದರೆ ಸೊಸೆಯ ಬಾಯಿಂದ ‘ನಮ್ಮನೇಲಿ ಎಲ್ಲ ಚೆನ್ನಾಗಿದೆ’ ಎಂಬ ಒಂದೇ ಮಾತು ಸಿಗುತ್ತದೆ.

‘ನಿಮ್ಮ ಮನೆಯಲ್ಲಿ ತಾರತಮ್ಯ ಇದೆಯಾ?’ ಎಂದು ಯಾವತ್ತೂ ಕೇಳಬೇಡಿ. ಎಲ್ಲರೂ ಇಲ್ಲ ಎನ್ನುತ್ತಾರೆ, ಅದನ್ನು ನಿಜವೆಂದೇ ನಂಬಿ ಹೇಳುತ್ತಾರೆ. ಅದರ ಬದಲು ಹೀಗೆ ಕೇಳಿ: ‘ಕಳೆದ ಸಲ ಮನೆಯಲ್ಲಿ ಜ್ವರ ಬಂದದ್ದು ಯಾರಿಗೆ? ಎಷ್ಟನೇ ದಿನ ಡಾಕ್ಟರ ಹತ್ತಿರ ಹೋದರು? ಅದಕ್ಕೆ ಮುಂಚೆ ಏನು ಮಾಡಿದಿರಿ? ಹೋಗೋಣ ಅಂದದ್ದು ಯಾರು? ದುಡ್ಡು ಯಾರು ಕೊಟ್ಟರು? ಜೊತೆಗೆ ಯಾರು ಹೋದರು?’ ಮನೆಯ ಪ್ರತಿಯೊಬ್ಬರಿಗೂ ಇದೇ ಆರು ಪ್ರಶ್ನೆ. ಮಗನಿಗೆ ಎರಡನೇ ದಿನ, ಗಂಡನಿಗೆ ಮೂರನೇ ದಿನ, ತನಗೆ ‘ತಾನೇ ಇಳೀತು’ ಎಂದು ಬರೆಯುತ್ತಾ ಹೋದಂತೆ, ಹೇಳುತ್ತಿರುವವಳೇ ಒಂದು ಗಳಿಗೆ ಮಾತು ನಿಲ್ಲಿಸುತ್ತಾಳೆ. ಆ ಮೌನ ಭಾಷಣಕ್ಕಿಂತ ದೊಡ್ಡದು. ಅದನ್ನು ತುಂಬಲು ಹೋಗಬೇಡಿ.

ಹಲವು ದೇಶಗಳಲ್ಲಿ ನಡೆಯುವ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳಲ್ಲಿ ಹೆಂಗಸರಿಗೆ ಕೇಳುವ ಪ್ರಶ್ನೆಯೊಂದಿದೆ: ನಿಮಗೇ ಚಿಕಿತ್ಸೆ ಬೇಕಾದಾಗ ಅನುಮತಿ ಪಡೆಯುವುದು, ಹಣ ಹೊಂದಿಸುವುದು, ದೂರ, ಒಬ್ಬಳೇ ಹೋಗಲು ಇಷ್ಟವಿಲ್ಲದಿರುವುದು, ಇವು ದೊಡ್ಡ ತೊಡಕೇ? ಈ ನಾಲ್ಕನ್ನು ನಿಮ್ಮ ಪ್ರಶ್ನೆಪಟ್ಟಿಗೆ ಹಾಗೆಯೇ ಸೇರಿಸಿ. ಆಗ ನಿಮ್ಮ ಉತ್ತರಗಳನ್ನು ದೇಶದ ಸರಾಸರಿಯ ಪಕ್ಕ ಇಟ್ಟು ನೋಡಬಹುದು.

ಹಂತ 3: ಒಂದೇ ತಡೆ, ಒಂದೇ ಕೀಲಿ

ಸಾಕ್ಷ್ಯವೆಲ್ಲ ಮೇಜಿನ ಮೇಲೆ ಹರಡಿದಾಗ ಎಲ್ಲವನ್ನೂ ಸರಿಪಡಿಸುವ ಆಸೆ ಹುಟ್ಟುತ್ತದೆ. ಅದನ್ನು ಅಲ್ಲೇ ಅದುಮಿ. ಮೂರು ತಿಂಗಳಿಗೆ ಒಂದೇ ತಡೆ ಆರಿಸಿ, ಆಮೇಲೆ ಒಂದು ವಾಕ್ಯ ಪೂರ್ತಿ ಮಾಡಿ: ‘ಯಾರು, ಯಾವಾಗ, ಏನು ಮಾಡಬೇಕು?’ ‘ಸಮಾಜ ಬದಲಾಗಬೇಕು’ ಎಂಬುದು ಉತ್ತರವಲ್ಲ. ‘ಹೆಂಡತಿಗೆ ಎರಡು ದಿನಕ್ಕಿಂತ ಹೆಚ್ಚು ಜ್ವರವಿದ್ದರೆ ಗಂಡ ಮೂರನೇ ದಿನ ಬೆಳಗ್ಗೆ ಆಸ್ಪತ್ರೆಗೆ ಕಳಿಸಬೇಕು, ಆ ಹೊತ್ತು ಮಗುವನ್ನು ತಾನು ನೋಡಿಕೊಳ್ಳಬೇಕು’ ಎಂಬುದು ಉತ್ತರ. ತಡ ಮನೆಯಲ್ಲಾಗುತ್ತಿದ್ದರೆ ಕೀಲಿ ಹಣ ಹಿಡಿದವರ ಕೈಯಲ್ಲಿದೆ. ದಾರಿಯಲ್ಲಾಗುತ್ತಿದ್ದರೆ ಸ್ಥಳೀಯ ಆಡಳಿತ, ಸಾರಿಗೆ, ಉದ್ಯೋಗ ಕೊಟ್ಟವರು. ಆಸ್ಪತ್ರೆಯಲ್ಲಾಗುತ್ತಿದ್ದರೆ ವೈದ್ಯರು ಮತ್ತು ಅವರ ಮೇಲಧಿಕಾರಿಗಳು.

ಹಂತ 4: ಕರೆಯುವ ಮುಂಚೆ ಬಾಗಿಲು ತೆರೆದಿದೆಯೇ ನೋಡಿ

‘ಬನ್ನಿ ತಪಾಸಣೆ ಮಾಡಿಸಿಕೊಳ್ಳಿ’ ಎಂದು ನೂರು ಮಂದಿಯನ್ನು ಎಬ್ಬಿಸಿ ಕಳಿಸಿ, ಅಲ್ಲಿ ಕಿಟ್ ಮುಗಿದಿದ್ದರೆ ಆ ನೂರು ಮಂದಿ ಇನ್ನೆರಡು ವರ್ಷ ನಿಮ್ಮ ಮಾತು ನಂಬುವುದಿಲ್ಲ. ಆದ್ದರಿಂದ ಮೊದಲೇ ಹೋಗಿ ನೋಡಿ. ಪರೀಕ್ಷೆ ಮಾಡುವ ಮಂಚಕ್ಕೆ ಪರದೆ ಇದೆಯೇ? ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಚಿಲಕ, ನೀರು, ದೀಪ ಇವೆಯೇ? ಮಹಿಳಾ ವೈದ್ಯರೋ ನರ್ಸೋ ಯಾವ ದಿನ, ಎಷ್ಟು ಹೊತ್ತು ಇರುತ್ತಾರೆ? ಕೆಲಸ ಮುಗಿಸಿ ಬರುವವರಿಗೆ ಸಂಜೆಯ ಹೊರರೋಗಿ ಸೇವೆ ಇದೆಯೇ? ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ? ಮದುವೆಯಾಗದವಳು ಸ್ತ್ರೀರೋಗ ವಿಭಾಗಕ್ಕೆ ಬಂದರೆ ಕೌಂಟರಿನಲ್ಲಿ ಏನು ಕೇಳುತ್ತಾರೆ? ಕೊನೆಯದನ್ನು ಸಿಬ್ಬಂದಿಯ ಬದಲು ಹೋಗಿ ಬಂದವರನ್ನೇ ವಿಚಾರಿಸಬೇಕು.

ಅರ್ಧಕ್ಕರ್ಧ ‘ಇಲ್ಲ’ ಎಂದು ಬಂದರೆ ಅಭಿಯಾನದ ದಿಕ್ಕನ್ನೇ ತಿರುಗಿಸಿ. ಜನರಿಗೆ ತಿಳಿಹೇಳುವುದು ಆಮೇಲೆ, ಮೊದಲು ಪರದೆ ಮತ್ತು ಚಿಲಕ.

ಹಂತ 5: ಸಂದೇಶ ಬರೆಯುವುದು

ಒಳ್ಳೆಯ ಸಂದೇಶದಲ್ಲಿ ಎರಡೇ ಭಾಗ: ಕಣ್ಣಿಗೆ ಕಟ್ಟುವ ಒಂದು ಸಂಗತಿ, ನಾಳೆಯೇ ಮಾಡಬಹುದಾದ ಒಂದು ಕೆಲಸ. ‘ಲಿಂಗ ಸಮಾನತೆ ಎತ್ತಿಹಿಡಿಯೋಣ’ ಎಂಬುದರಲ್ಲಿ ಎರಡೂ ಇಲ್ಲ. ‘ಕಳೆದ ವರ್ಷ ನಾವು ಎಣಿಸಿದ ವಾರಗಳಲ್ಲಿ ನಮ್ಮ ಆಸ್ಪತ್ರೆಗೆ 180 ಹುಡುಗರು ಬಂದರು, 120 ಹುಡುಗಿಯರು. ಮಗಳಿಗೆ ಜ್ವರವೇ? ಮಗನನ್ನು ಕರೆತರುವ ದಿನವೇ ಅವಳನ್ನೂ ಕರೆತನ್ನಿ’ ಎಂಬುದರಲ್ಲಿ ಎರಡೂ ಇವೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ‘ತಾಯಿ ಆರೋಗ್ಯವಾಗಿದ್ದರೆ ಮನೆ ನಡೆದೀತು’ ಎಂಬ ಬಗೆಯ ಘೋಷಣೆ ಮೊದಲನೆಯದು. ಕೇಳಲು ಸಿಹಿ, ಆದರೆ ಅದರ ಒಳಾರ್ಥ ನೋಡಿ: ಆಕೆ ಗುಣವಾಗಬೇಕಾದದ್ದು ಬೇರೆಯವರ ಸೇವೆಗಾಗಿ. ಮಕ್ಕಳಿಲ್ಲದವಳು, ವಿಧವೆ, ವಯಸ್ಸಾದವಳು ಆ ಘೋಷಣೆಯಲ್ಲಿ ಎಲ್ಲಿದ್ದಾರೆ? ಎರಡನೆಯದು, ‘ಮುಕ್ಕಾಲು ಪಾಲು ಗಂಡಸರು ಹೆಂಡತಿಯ ಕಾಯಿಲೆಗೆ ಗಮನ ಕೊಡುವುದಿಲ್ಲ’ ಎಂದು ಬಯ್ಯುವುದು. ಓದಿದ ಗಂಡಸಿಗೆ ನಾಚಿಕೆಯಾಗುವ ಬದಲು ‘ಎಲ್ಲರೂ ನನ್ನ ಹಾಗೇ’ ಎಂಬ ಸಮಾಧಾನ ಸಿಗುತ್ತದೆ. ಜೊತೆಗೆ ಹೋದ ಗಂಡಸರನ್ನು ತೋರಿಸಿ, ಎಷ್ಟು ಮಂದಿ ಹೋಗುತ್ತಿದ್ದಾರೆಂದು ಹೇಳಿ. ಮೂರನೆಯದು ಚಿತ್ರ. ಹೆಣ್ಣಿನ ಆರೋಗ್ಯ ಎಂದಕೂಡಲೇ ಬಸುರಿಯ ಹೊಟ್ಟೆ, ಡಾಕ್ಟರ್ ಎಂದಕೂಡಲೇ ಕನ್ನಡಕದ ಗಂಡಸು. ಜಗತ್ತಿನ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಸುಮಾರು ಶೇ 70ರಷ್ಟು ಮಹಿಳೆಯರೇ ಇದ್ದಾರೆ, ಮೇಲಿನ ಕುರ್ಚಿಗಳಲ್ಲಿ ಮಾತ್ರ ಕಾಣುವುದು ಕಡಿಮೆ. ನಮ್ಮ ಪೋಸ್ಟರಾದರೂ ಅದನ್ನು ಮತ್ತೆ ಮಾಡದಿರಲಿ.

ವೈದ್ಯಕೀಯ ಮಾಹಿತಿ ಕೊಡುವಾಗ ಕರಾರುವಾಕ್ಕಾಗಿರಿ. ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವೇ ಹೆಚ್ಚಾಗಿ ಕಾಣುವ ಲಕ್ಷಣ. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರುಕಟ್ಟುವುದು, ವಾಕರಿಕೆ, ದವಡೆ ಅಥವಾ ಬೆನ್ನುನೋವು, ವಿಪರೀತ ಸುಸ್ತು ಕಾಣುವುದು ಅವರಲ್ಲಿ ಹೆಚ್ಚು. ‘ಹೆಂಗಸರಿಗೆ ಎದೆನೋವು ಬರುವುದಿಲ್ಲ’ ಎಂದು ಬರೆದರೆ ಅಪಾಯ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಸಂತಾನವಯಸ್ಸಿನ ಸುಮಾರು ಶೇ 10ರಷ್ಟು ಮಹಿಳೆಯರನ್ನು ಕಾಡುತ್ತದೆ. ‘ಮುಟ್ಟಿನ ನೋವು ಎಲ್ಲರಿಗೂ ಇದ್ದದ್ದೇ’ ಎಂಬ ಮಾತಿನ ಹಿಂದೆ ಅದು ವರ್ಷಗಟ್ಟಲೆ ಗುರುತು ಸಿಗದೆ ಉಳಿಯುತ್ತದೆ. ಶಾಲೆ ತಪ್ಪಿಸುವಷ್ಟು, ಕೆಲಸಕ್ಕೆ ಹೋಗಲಾಗದಷ್ಟು ನೋವಿದ್ದರೆ ತೋರಿಸಿ ಎಂಬ ಒಂದು ಸಾಲು ಸಾಕು. ಗರ್ಭಕಂಠದ ಕ್ಯಾನ್ಸರ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿ ನೆನಪಿಡಲು ಸುಲಭ. ಹುಡುಗಿಯರಲ್ಲಿ ಶೇ 90 ಮಂದಿಗೆ 15ರೊಳಗೆ ಈ ಕ್ಯಾನ್ಸರ್ ತರುವ ವೈರಸ್ಸಿನ ವಿರುದ್ಧದ ಎಚ್‌ಪಿವಿ ಲಸಿಕೆ, ಮಹಿಳೆಯರಲ್ಲಿ ಶೇ 70 ಮಂದಿಗೆ 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ತಪಾಸಣೆ, ರೋಗ ಕಂಡವರಲ್ಲಿ ಶೇ 90 ಮಂದಿಗೆ ಚಿಕಿತ್ಸೆ.

ಅಚ್ಚಿಗೆ ಕೊಡುವ ಮುಂಚೆ, ಯಾರಿಗಾಗಿ ಬರೆದಿರೋ ಅವರಲ್ಲೇ ಹತ್ತು ಮಂದಿಗೆ ತೋರಿಸಿ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಮುಖದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ‘ಇದರಲ್ಲಿ ಏನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ’ ಎನ್ನಿ. ಮೂವರು ತಪ್ಪಾಗಿ ಹೇಳಿದರೆ ತಪ್ಪು ಬರೆದವರದ್ದು. ತಿದ್ದಿ, ಬೇರೆ ಹತ್ತು ಮಂದಿಗೆ ತೋರಿಸಿ.

ಹಂತ 6: ಯಾರು, ಎಲ್ಲಿ, ಎಷ್ಟು ಹೊತ್ತಿಗೆ

ಗಂಡಸರಿಗೆ ಹೇಳಬೇಕಾದದ್ದನ್ನು ಗಂಡಸರು ಸೇರುವಲ್ಲಿ ಹೇಳಿ: ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತು, ವಾಹನ ನಿಲ್ದಾಣ, ಕ್ಷೌರದಂಗಡಿ, ಆಟದ ಮೈದಾನ. ಹೇಳುವವರೂ ಅವರಲ್ಲೊಬ್ಬರಾಗಿದ್ದರೆ ಕಿವಿ ತೆರೆದಿರುತ್ತದೆ. ಹೆಂಗಸರ ಸಭೆಯ ಸಮಯವನ್ನು ಅವರೇ ಗೊತ್ತುಮಾಡಲಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಇಷ್ಟು ಮಾಡದೆ ‘ಹೆಂಗಸರು ಸಭೆಗೆ ಬರೋದೇ ಇಲ್ಲ’ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಭಾಷಣಕ್ಕಿಂತ ಚೆನ್ನಾಗಿ ನಾಟುವುದು ಹೆಜ್ಜೆ ಆಟ. ಹನ್ನೆರಡು ಮಂದಿ, ಹನ್ನೆರಡು ಚೀಟಿ, 45 ನಿಮಿಷ. ಪ್ರತಿ ಚೀಟಿಯಲ್ಲಿ ಒಂದು ಪಾತ್ರ: 15ರ ಶಾಲಾ ಹುಡುಗಿ, 19ರ ಅವಿವಾಹಿತ ವಿದ್ಯಾರ್ಥಿನಿ, 26ರ ಹೊಸ ಮದುಮಗಳು, 40ರ ದಿನಗೂಲಿ ಹೆಂಗಸು, ಅವಳ ಗಂಡ, 70ರ ವಿಧವೆ, ಗಾಲಿಕುರ್ಚಿಯಲ್ಲಿರುವ ಯುವತಿ, ಕಿವಿ ಕೇಳದ ತಾಯಿ, ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ, ಬೇರೆ ಊರಿಂದ ದುಡಿಯಲು ಬಂದ ಗಂಡಸು, ನರ್ಸ್, ದೊಡ್ಡ ಅಧಿಕಾರಿ. ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲಲಿ. ನೀವು ಹತ್ತು ವಾಕ್ಯ ಓದಿ: ‘ಇಂದು ಎದೆನೋವು ಬಂದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೋಗಬಲ್ಲೆ.’ ‘ಚಿಕಿತ್ಸೆಗೆ ಬೇಕಾದ ದುಡ್ಡು ನನ್ನ ಕೈಯಲ್ಲೇ ಇದೆ.’ ‘ರಾತ್ರಿ ಒಂಬತ್ತಕ್ಕೆ ಒಬ್ಬಳೇ ಅಥವಾ ಒಬ್ಬನೇ ಹೋಗಿಬರಬಲ್ಲೆ.’ ‘ನನ್ನ ಮಾತನ್ನು ಡಾಕ್ಟರು ನೇರವಾಗಿ ನನ್ನಿಂದಲೇ ಕೇಳುತ್ತಾರೆ, ಜೊತೆಗೆ ಬಂದವರಿಂದಲ್ಲ.’ ‘ಮೂರು ದಿನ ಮಲಗಿದರೆ ನನ್ನ ಕೆಲಸ ಬೇರೆಯವರು ಮಾಡುತ್ತಾರೆ.’ ಉಳಿದ ಐದನ್ನು ನಿಮ್ಮ ಸಾಕ್ಷ್ಯದಿಂದ ಹೆಕ್ಕಿ. ಹೌದು ಎನ್ನಬಲ್ಲವರು ಒಂದು ಹೆಜ್ಜೆ ಮುಂದೆ ಹೋಗಲಿ, ಉಳಿದವರು ನಿಂತಲ್ಲೇ ಇರಲಿ.

ಚೀಟಿ ಹಂಚಲು ಐದು ನಿಮಿಷ, ಹೆಜ್ಜೆಗೆ ಹನ್ನೆರಡು, ಮಾತಿಗೆ ಇಪ್ಪತ್ತು, ಕೊನೆಯ ಎಂಟು ನಿಮಿಷ ಒಂದು ತೀರ್ಮಾನಕ್ಕೆ. ಆಟ ಕೆಡುವುದು ಮಾತಿನ ಇಪ್ಪತ್ತು ನಿಮಿಷ ಕೈಬಿಟ್ಟಾಗ. ಆಗ ಅದು ಬರೀ ತಮಾಷೆಯಾಗಿ ಮುಗಿಯುತ್ತದೆ. ಮೊದಲು ಹಿಂದೆ ಉಳಿದವರನ್ನು ಮಾತಾಡಿಸಿ. ಮುಂದೆ ಹೋದವರನ್ನು ಒಂದೇ ಪ್ರಶ್ನೆ ಕೇಳಿ: ‘ಹಿಂದಿರುಗಿ ನೋಡಿದ್ದು ಎಷ್ಟು ಹೊತ್ತಿಗೆ?’ ಸಾಧ್ಯವಾದಷ್ಟು ಗಂಡಸರಿಗೆ ಹೆಂಗಸರ ಪಾತ್ರದ ಚೀಟಿ ಸಿಗುವಂತೆ ನೋಡಿಕೊಳ್ಳಿ. ಆದರೆ ಗುಂಪಿನಲ್ಲಿ ನಿಜವಾಗಿಯೂ ಆ ಸ್ಥಿತಿಯಲ್ಲಿರುವವರಿಗೆ ಅದೇ ಚೀಟಿ ಕೊಡಬೇಡಿ.

ಹಂತ 7: ಆಸ್ಪತ್ರೆಯ ಒಳಗಿನ ಮಾತು

ವೈದ್ಯರನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಬಾಗಿಲು ಮುಚ್ಚುತ್ತದೆ. ಅರ್ಧ ಗಂಟೆಯ ಸಭೆ ಕೇಳಿ, ಒಂದೇ ಹಾಳೆ ಒಯ್ಯಿರಿ. ಮೇಲೆ ಅವರದೇ ರಿಜಿಸ್ಟರಿನ ಅಂಕಿ, ನಡುವೆ ಗಡಿಯಾರ ಹಾಳೆಯ ಸರಾಸರಿ, ಕೆಳಗೆ ಒಂದೇ ಬೇಡಿಕೆ. ಬೇಡಿಕೆ ಅವರ ಕೈಲಾಗುವಂಥದ್ದಿರಲಿ: ವಾರಕ್ಕೆರಡು ದಿನ ಸಂಜೆ ಹೊರರೋಗಿ ಸೇವೆ, ಪರದೆ, ರೋಗಿಯನ್ನು ಒಂದೆರಡು ನಿಮಿಷವಾದರೂ ಒಬ್ಬಳನ್ನೇ ಕೂರಿಸಿ ಮಾತಾಡಿಸುವ ಪದ್ಧತಿ. ಹೊಸ ಕಟ್ಟಡ ಕೇಳಿದರೆ ‘ಮೇಲಕ್ಕೆ ಬರೆದಿದ್ದೇವೆ’ ಎಂಬ ಉತ್ತರ ಬರುತ್ತದೆ.

ಅನುಮತಿಯ ವಿಷಯ ಬಂದಾಗ ಕೈಯಲ್ಲಿರಬೇಕಾದ ದಾಖಲೆಯೊಂದಿದೆ. ಮಹಿಳೆಯರ ಮೇಲಿನ ಎಲ್ಲ ಬಗೆಯ ತಾರತಮ್ಯ ನಿವಾರಣೆಗೆ ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ ಸೀಡಾ ಒಪ್ಪಂದದ 12ನೇ ವಿಧಿ ಆರೋಗ್ಯ ಸೇವೆಯ ಕುರಿತಾದದ್ದು. ಅದನ್ನು ವಿವರಿಸುವ 1999ರ 24ನೇ ಸಾಮಾನ್ಯ ಶಿಫಾರಸು, ಗಂಡ, ಸಂಗಾತಿ ಅಥವಾ ಹೆತ್ತವರ ಒಪ್ಪಿಗೆ ಇಲ್ಲವೆಂಬ ಕಾರಣಕ್ಕಾಗಲಿ ಮದುವೆಯಾಗಿಲ್ಲವೆಂಬ ಕಾರಣಕ್ಕಾಗಲಿ ಮಹಿಳೆಗೆ ಸೇವೆಯನ್ನು ನಿರ್ಬಂಧಿಸಬಾರದೆಂದು ನೇರವಾಗಿ ಹೇಳುತ್ತದೆ. ನಿಮ್ಮ ದೇಶ ಸಹಿ ಹಾಕಿದೆಯೇ, ಯಾವ ಷರತ್ತಿನೊಂದಿಗೆ ಎಂದು ಮೊದಲು ನೋಡಿಕೊಂಡು ಹೋಗಿ.

ಹಂತ 8: ಮೊಬೈಲ್, ಪತ್ರಿಕೆ, ವಿಶೇಷ ದಿನಗಳು

ಓದಲು ಬಾರದವರಿಗೂ ತಲುಪುವುದು ಒಂದು ನಿಮಿಷದೊಳಗಿನ ಧ್ವನಿ ಸಂದೇಶ. ಆದರೆ ಹಲವು ಮನೆಗಳಲ್ಲಿ ಫೋನ್ ಒಂದೇ, ಅದು ಗಂಡಸಿನ ಕಿಸೆಯಲ್ಲಿ. ಅಲ್ಲಿಗೆ ಹೋಗುವ ಸಂದೇಶ ಅವನನ್ನೇ ಉದ್ದೇಶಿಸಿರಲಿ, ಹೆಂಗಸಿನ ಖಾಸಗಿ ವಿಷಯ ಅದರಲ್ಲಿ ಬೇಡ. ರೋಗಿಯ ಮುಖ, ಹೆಸರು, ಊರು ಹಾಕಬೇಡಿ. ‘ಮುಖ ಮಸುಕು ಮಾಡಿದ್ದೇವಲ್ಲ’ ಎನ್ನುವವರಿಗೆ ಒಂದು ಮಾತು: ಉಟ್ಟ ಸೀರೆ, ಹಿಂದಿನ ಗೋಡೆ ನೋಡಿ ನೆರೆಹೊರೆಯವರು ಗುರುತು ಹಿಡಿಯುತ್ತಾರೆ. ಮಾರ್ಚ್ 8ರ ಮಹಿಳಾ ದಿನ, ಮೇ 28ರ ಮಹಿಳಾ ಆರೋಗ್ಯ ಕ್ರಿಯಾ ದಿನಗಳಲ್ಲಿ ಪತ್ರಿಕೆಗಳು ಇಂಥ ಸುದ್ದಿಗೆ ಜಾಗ ಕೊಡುತ್ತವೆ. ಎರಡು ವಾರ ಮುಂಚೆ ನಿಮ್ಮ ಅಂಕಿಯ ಹಾಳೆ ಕಳಿಸಿ. ಶಕ್ತಿಯೆಲ್ಲ ಆ ಒಂದೇ ದಿನಕ್ಕೆ ಸುರಿಯಬೇಡಿ.

ಹಂತ 9: ಗಾಯ ತೆರೆದುಕೊಂಡಾಗ

ಆರೋಗ್ಯದ ಮಾತೆತ್ತಿದಲ್ಲಿ ಹೊಡೆತದ ಮಾತು ಬಂದೇ ಬರುತ್ತದೆ. ಜಗತ್ತಿನಲ್ಲಿ ಸುಮಾರು ಮೂವರಲ್ಲಿ ಒಬ್ಬ ಮಹಿಳೆ ಜೀವನದಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಳೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಪ್ಪತ್ತು ಮಂದಿಯ ಸಭೆಯಲ್ಲಿ ಅಂಥವರು ಇದ್ದೇ ಇರುತ್ತಾರೆಂದು ಭಾವಿಸಿ ಹೋಗಿ. ಯಾರಾದರೂ ಬಾಯಿಬಿಟ್ಟರೆ ಕಾರ್ಯಕರ್ತರು ಮಾಡಬೇಕಾದದ್ದು ಐದು: ನಡುವೆ ಬಾಯಿ ಹಾಕದೆ ಕೇಳುವುದು, ಈಗ ಏನು ಬೇಕೆಂದು ವಿಚಾರಿಸುವುದು, ನಂಬಿದ್ದೇವೆಂದು ತಿಳಿಸುವುದು, ಮನೆಗೆ ಹೋದರೆ ಅಪಾಯವಿದೆಯೇ ಎಂದು ಒಟ್ಟಿಗೆ ಯೋಚಿಸುವುದು, ನೆರವು ಸಿಗುವ ಕಡೆಗೆ ದಾರಿ ಮಾಡಿಕೊಡುವುದು. ಗಂಡನನ್ನು ಕರೆಸಿ ‘ಬುದ್ಧಿ ಹೇಳುವುದು’ ಈ ಐದರಲ್ಲಿಲ್ಲ, ಅದರಿಂದ ಆ ರಾತ್ರಿಯೇ ಹೊಡೆತ ಹೆಚ್ಚಾಗಬಹುದು. ಸಹಾಯವಾಣಿ, ಆಶ್ರಯ ಮನೆ, ಕಾನೂನು ನೆರವಿನ ನಂಬರುಗಳಿಗೆ ಅಭಿಯಾನಕ್ಕೆ ಮುಂಚೆ ನೀವೇ ಫೋನ್ ಮಾಡಿ, ಎತ್ತುತ್ತಾರೋ ಇಲ್ಲವೋ ನೋಡಿ. ಎತ್ತದ ನಂಬರನ್ನು ಯಾರಿಗೂ ಕೊಡಬೇಡಿ.

ಹಂತ 10: ಬದಲಾಯಿತೇ?

ಹಂಚಿದ ಕರಪತ್ರ, ಸೇರಿದ ಜನ, ಬಿದ್ದ ಲೈಕು, ಇವು ನೀವು ಪಟ್ಟ ಶ್ರಮದ ಲೆಕ್ಕ. ಬದಲಾವಣೆ ಗೊತ್ತಾಗುವುದು ಬೇರೆ ಕಡೆ. ಆರಂಭದಲ್ಲಿ 40 ಮನೆಗಳಲ್ಲಿ ಜ್ವರದ ಆರು ಪ್ರಶ್ನೆ ಕೇಳಿದ್ದರೆ, ಆರು ತಿಂಗಳ ನಂತರ ಅಷ್ಟೇ ಮನೆಗಳಲ್ಲಿ ಅದೇ ಪ್ರಶ್ನೆ ಕೇಳಿ. ಮಗನಿಗೂ ಮಗಳಿಗೂ ನಡುವೆ ಎಷ್ಟು ದಿನದ ಅಂತರವಿತ್ತು, ಈಗ ಎಷ್ಟಿದೆ? ರಿಜಿಸ್ಟರನ್ನು ಒಂದು ವರ್ಷದ ನಂತರ ಅದೇ ತಿಂಗಳ ಅದೇ ವಾರಗಳಿಗೆ ಹೋಲಿಸಿ, ಬೇರೆ ಋತುವಿಗೆ ಹೋಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಅಭಿಯಾನ ನಡೆಯದ ಪಕ್ಕದ ಆಸ್ಪತ್ರೆಯೊಂದರ ಅಂಕಿಯೂ ಇದ್ದರೆ, ಏರಿಕೆ ನಿಮ್ಮ ಕೆಲಸದ್ದೋ ಆ ವರ್ಷ ಎಲ್ಲೆಡೆ ಹರಡಿದ ಜ್ವರದ್ದೋ ಎಂಬುದು ತಿಳಿಯುತ್ತದೆ. ಇನ್ನೊಂದು: ರಕ್ತಹೀನತೆ, ಖಿನ್ನತೆ, ಗರ್ಭಕಂಠದ ತೊಂದರೆಗಳ ಪ್ರಕರಣಗಳು ಅಭಿಯಾನದ ನಂತರ ಹೆಚ್ಚಾಗಿ ಕಾಣುತ್ತವೆ. ಅಡಗಿದ್ದದ್ದು ಹೊರಗೆ ಬಂದಿದೆ ಎಂದು ಆಡಳಿತಕ್ಕೂ ಪತ್ರಕರ್ತರಿಗೂ ಮೊದಲೇ ಹೇಳಿಡಿ, ಇಲ್ಲವಾದರೆ ‘ಮಹಿಳೆಯರಲ್ಲಿ ಕಾಯಿಲೆ ಹೆಚ್ಚಳ’ ಎಂಬ ತಲೆಬರಹ ನೋಡಬೇಕಾದೀತು.

ಬಂದ ಫಲಿತಾಂಶವನ್ನು ವರದಿ ಮಾಡಿ ಕಪಾಟಿಗೆ ಸೇರಿಸುವ ಮುಂಚೆ, ಉತ್ತರ ಕೊಟ್ಟ 40 ಮನೆಗಳಿಗೂ ರಿಜಿಸ್ಟರ್ ತೆರೆದುಕೊಟ್ಟ ಸಿಬ್ಬಂದಿಗೂ ಒಂದು ಪುಟದಲ್ಲಿ ಬರೆದು ತಲುಪಿಸಿ. 51 ಎಂಬ ಅಂಕಿ 20ಕ್ಕೆ ಇಳಿದಿದ್ದರೆ ಹಾಗೆ ಬರೆಯಿರಿ. ಇಳಿಯದಿದ್ದರೆ ಅದನ್ನೂ ಬರೆಯಿರಿ, ಮತ್ತು ಅದೇ ಪುಟದ ಹಿಂಬದಿಯನ್ನು ಖಾಲಿ ಬಿಟ್ಟು ‘ಯಾಕಿರಬಹುದು?’ ಎಂದು ಕೇಳಿ. ಉತ್ತರ ಗೊತ್ತಿರುವುದು ಅವರಿಗೇ.